ಗಾಜಿನ ಬಾಗಿಲಿನ ಬೋರ್ಡು

ಕುಮಟೆಯ ಇಲೆಕ್ಟ್ರಿಶಿಯನ್ ನಿತ್ಯಾನಂದನಿಗೆ ಜಗತ್ತಿನ ಮೇಲೆ ಒಂದೇ ಒಂದು ಸಿಟ್ಟಿತ್ತು. ಬಡಗಿ ಬಾಗಿಲು ಮಾಡಿದರೆ ಬಂದವರೆಲ್ಲ ಕೈಯಿಂದ ಸವರಿ ನೋಡುತ್ತಾರೆ. ಟೈಲ್ಸ್ ಹಾಕಿದವನ ಕೆಲಸವನ್ನು ತುಳಿಯುತ್ತಲೇ ಹೊಗಳುತ್ತಾರೆ. ಬಣ್ಣ ಬಳಿದವನ ಕೆಲಸವಂತೂ ಹೈವೇಯಲ್ಲಿ ಹೋಗುವ ಬಸ್ಸಿನಿಂದಲೂ ಕಾಣುತ್ತದೆ. ವೈರಿಂಗ್ ಮಾಡಿದವನ ಕೈಚಳಕ ಮಾತ್ರ ಪೈಪಿನೊಳಗೆ, ಪೈಪು ಗೋಡೆಯೊಳಗೆ, ಗೋಡೆ ಗಿಲಾವಿನೊಳಗೆ. ಕಣ್ಣಿಗೆ ಕಾಣಲು ಉಳಿಯುವುದು ಒಂದು ಡಿಬಿ, ಅಂದರೆ ಮನೆಯ ಲೈನುಗಳೆಲ್ಲ ಬಂದು ಸೇರುವ ಪೆಟ್ಟಿಗೆ. ಅದನ್ನೂ ಮನೆಯವರು ಗೃಹಪ್ರವೇಶದ ಮರುದಿನವೇ ಬ್ಯಾಂಕಿನ ಕ್ಯಾಲೆಂಡರ್ ತೂಗಿ ಮುಚ್ಚಿಬಿಡುತ್ತಾರೆ.

ನಿತ್ಯಾನಂದ ಕಟ್ಟುವ ಡಿಬಿಯಾದರೋ ಕ್ಯಾಲೆಂಡರಿನ ಹಿಂದೆ ಕೊಳೆಯುವಂಥದ್ದಲ್ಲ. ಕೆಂಪು, ಹಳದಿ, ನೀಲಿ ವೈರುಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಂತು, ಎಲ್ಲವೂ ಒಟ್ಟಿಗೆ ಬಗ್ಗಿ, ತಮ್ಮ ತಮ್ಮ ಸ್ವಿಚ್ಚಿನೊಳಗೆ ಸದ್ದಿಲ್ಲದೆ ಹೊಕ್ಕಿರುತ್ತವೆ. ಒಂದು ವೈರು ಇನ್ನೊಂದನ್ನು ಅಡ್ಡ ಹಾಯುವುದೆಂದರೆ ಅವನ ಪಾಲಿಗೆ ಘೋರ ಪಾತಕ. ಕೆಲಸ ಮುಗಿದ ಮೇಲೆ ಮನೆಯವರನ್ನು ಕರೆದು ತೋರಿಸಿದರೆ ಅವರು ಕೇಳುವುದು ಒಂದೇ ಪ್ರಶ್ನೆ: "ಫ್ಯಾನಿನ ಸ್ವಿಚ್ ಯಾವ್ದು?"

ಇಂಥ ನೊಂದ ಜೀವಿಗಳ ಸಮಾಧಾನಕ್ಕೆಂದೇ ಭಟ್ಕಳದ ಇರ್ಷಾದ್ ಭಾಯಿ ಒಂದು ವಾಟ್ಸಾಪ್ ಗ್ರೂಪು ಮಾಡಿದ್ದರು. ಹೆಸರು 'ಮೂರೂರು ಕರೆಂಟ್ ಬಳಗ'. ಭಟ್ಕಳ, ಹೊನ್ನಾವರ, ಕುಮಟೆ ಎಂಬ ಮೂರು ಊರುಗಳ ಇಲೆಕ್ಟ್ರಿಶಿಯನ್‌ಗಳದ್ದು ಎಂಬ ಅರ್ಥದಲ್ಲಿ. (ಕುಮಟೆ ಹತ್ತಿರವೇ ಮೂರೂರು ಎಂಬ ಊರಿದೆ. ಅಲ್ಲಿನವರೊಬ್ಬರು ತಮ್ಮ ಊರಿನದ್ದೇ ಗ್ರೂಪೆಂದು ಸೇರಿಕೊಂಡು, ಕರೆಂಟು ಯಾವಾಗ ಬರುತ್ತದೆಂದು ದಿನಾ ಕೇಳುತ್ತಿದ್ದರು.) ದುಬೈಯಲ್ಲಿ ದುಡಿದು ಬಂದ ಇರ್ಷಾದ್ ಭಾಯಿ ಬಳಗದ ಹಿರಿಯರು. ಯಾರಾದರೂ ಫೋಟೊ ಹಾಕಿದರೆ ಅವರು ದೊಡ್ಡದು ಮಾಡಿ ನೋಡಿ, 'ದುಬೈ ಲೆವೆಲ್' ಎಂದು ಬರೆದರೆ ಆಯಿತು, ಹಾಕಿದವನಿಗೆ ಪದವಿ ಸಿಕ್ಕಿದಂತೆ.

ಆ ಪದವಿ ಬಹುಕಾಲ ನಿತ್ಯಾನಂದನ ಬಳಿಯೇ ಇತ್ತು, ಹೊನ್ನಾವರದ ವಿನೋದ ಓಂ ಬೀಚಿನ ಹತ್ತಿರ ಒಂದು ಗೆಸ್ಟ್ ಹೌಸಿಗೆ ವೈರಿಂಗ್ ಮಾಡುವವರೆಗೆ. ವಿನೋದನ ಡಿಬಿಯ ಫೋಟೊ ಬಂದಾಗ ನಿತ್ಯಾನಂದ ಊಟಕ್ಕೆ ಕೂತಿದ್ದ. ವೈರುಗಳು ಎಣ್ಣೆ ಹಚ್ಚಿ ಬಾಚಿದ ಕೂದಲಿನಂತೆ ಮಿರಮಿರ ಮಿಂಚುತ್ತಿದ್ದವು. ಅದರ ಕೆಳಗೆ ಇರ್ಷಾದ್ ಭಾಯಿ ಬರೆದಿದ್ದರು: 'ದುಬೈಯಲ್ಲೂ ಕಂಡಿಲ್ಲ.'

ನಿತ್ಯಾನಂದನಿಗೆ ಬಂಗಡೆ ಸಾರು ಗಂಟಲಲ್ಲಿ ಇಳಿಯಲಿಲ್ಲ. ಹೆಂಡತಿ ಅಮಿತಾ ಮುಳ್ಳು ಸಿಕ್ಕಿತೆಂದು ತಿಳಿದು ಒಣ ಅನ್ನದ ಉಂಡೆ ಕಟ್ಟಿಕೊಟ್ಟಳು. ಅವನು ಅದನ್ನು ಕೈಯಲ್ಲೇ ಹಿಡಿದುಕೊಂಡು ಗೋಡೆ ನೋಡಿದ. ತನ್ನ ಕೃತಿಗಳೆಲ್ಲ ಕಂಡವರ ಮನೆಯಲ್ಲಿ ಕ್ಯಾಲೆಂಡರಿನ ಹಿಂದೆ ಬಂದಿಯಾಗಿವೆ. ತನ್ನದೇ ಗೋಡೆ ಇರುವಾಗ ಇನ್ನೊಬ್ಬರ ಗೋಡೆಯ ಹಂಗು ಯಾಕೆ? ಹಾಲಿನ ನಡುಗೋಡೆಯಲ್ಲಿ, ದೇವರ ಫೋಟೊಗಳ ಪಕ್ಕದಲ್ಲೇ, ಗಾಜಿನ ಬಾಗಿಲಿರುವ ಮಹಾ ಡಿಬಿಯೊಂದನ್ನು ಪ್ರತಿಷ್ಠಾಪಿಸುವುದೆಂದು ಅವನು ಅಲ್ಲೇ ನಿಶ್ಚಯಿಸಿದ.

ಅಮಿತಾ ಮನೆಯಲ್ಲೇ ಹೊಲಿಗೆ ಮಾಡುವವಳು. ಮೋಟರ್ ಹಾಕಿದ ಮಿಶನ್ನು ಅವಳದ್ದು. ಹಿರೇಗುತ್ತಿಯ ಮದುವೆ ಹುಡುಗಿ ಪವಿತ್ರಾಳ ರವಿಕೆಗಳನ್ನು ಆಗಷ್ಟೇ ಒಪ್ಪಿಕೊಂಡಿದ್ದಳು. ಗಂಡ ಮನೆಗೆ ಹೊಸ ವೈರಿಂಗ್ ಮಾಡುತ್ತೇನೆಂದಾಗ ಅವಳಿಗೆ ಸಂತೋಷವೇ ಆಯಿತು. ಮಿಶನ್ನಿನ ಹತ್ತಿರ ಒಂದು ಪ್ಲಗ್ ಬೇಕೆಂದು ಅವಳು ಕೇಳಲು ಶುರುಮಾಡಿ ಎಷ್ಟೋ ಕಾಲವಾಗಿತ್ತು. ಮಿಶನ್ನು ಎಷ್ಟು ದಿನ ನಿಲ್ಲಿಸಬೇಕಾಗುತ್ತದೆ ಎಂದಷ್ಟೇ ವಿಚಾರಿಸಿದಳು. ಬೆಳಿಗ್ಗೆ ತೆಗೆದರೆ ಸಂಜೆಗೆ ಆತು ಎಂದು ನಿತ್ಯಾನಂದ ವಾಗ್ದಾನ ಮಾಡಿದ. ಯಾವ ಸಂಜೆ ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ.

ಹಳೆಯ ಬೋರ್ಡು ಕಿತ್ತು ಬಿತ್ತು. ಹೊಸ ಪೆಟ್ಟಿಗೆ ಗೋಡೆ ಹೊಕ್ಕಿತು. ನಿತ್ಯಾನಂದ ಒಂದೊಂದು ವೈರನ್ನೂ ಬಟ್ಟೆಯಿಂದ ಒರೆಸಿ, ಬೆರಳಲ್ಲಿ ತಿದ್ದಿ, ಸ್ಕೇಲು ಹಿಡಿದು ಬಗ್ಗಿಸಿದ. ಒಂದು ವೈರು ಕೂದಲೆಳೆಯಷ್ಟು ಸೊಟ್ಟ ಕಂಡರೂ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ. ಹೀಗೆ ಬಿಚ್ಚುತ್ತ ಕಟ್ಟುತ್ತ ವಾರ ಕಳೆಯಿತು. ಹೊರಗಿನ ಕೆಲಸಕ್ಕೆ ಕರೆದವರಿಗೆ, ದೊಡ್ಡ ಪ್ರಾಜೆಕ್ಟಿನಲ್ಲಿದ್ದೇನೆ ಎಂದು ಉತ್ತರ ಕೊಟ್ಟ.

ಮನೆಗೆ ಕರೆಂಟು ಎಲ್ಲಿಂದ ಬರಬೇಕು? ಪಕ್ಕದ ಮನೆಯ ಮಾದಿ ಅಕ್ಕ ಕಿಟಕಿಯಿಂದ ಒಂದು ವೈರು ಕೊಟ್ಟಿದ್ದಳು. ಅದರಲ್ಲಿ ಒಂದು ಟ್ಯೂಬ್ ಲೈಟು, ಒಂದು ಫ್ಯಾನು ನಡೆಯುತ್ತಿದ್ದವು. ಮಿಶನ್ ಹಚ್ಚಿದರೆ ಫ್ಯಾನು ನಿಧಾನವಾಗಿ ಯೋಚನೆಗೆ ಬೀಳುತ್ತಿತ್ತು. ಇಸ್ತ್ರಿಪೆಟ್ಟಿಗೆ ಇಟ್ಟರಂತೂ ಮಾದಿ ಅಕ್ಕನ ಮನೆಯ ಟಿವಿಯೇ ಹೋಗುತ್ತಿತ್ತು. ಅಮಿತಾ ರವಿಕೆಗಳ ಗಂಟು ಹೊತ್ತು ಇಸ್ತ್ರಿಗೆ ಅಲ್ಲಿಗೆ ಹೋದಳು, ಮಸಾಲೆ ಬೀಸಲು ತೆಂಗಿನಕಾಯಿ ತುರಿ ಹೊತ್ತು ಅಲ್ಲಿಗೇ ಹೋದಳು. ಕೊನೆಕೊನೆಗೆ ಮಾದಿ ಅಕ್ಕ ಈ ಮನೆಯ ಸಾರಿಗೆ ಉಪ್ಪು ಎಷ್ಟು ಹಾಕಬೇಕೆಂದೂ ಹೇಳತೊಡಗಿದಳು.

"ಇವತ್ತಾದ್ರೂ ಕರೆಂಟ್ ಕೊಡ್ತ್ರೋ ಇಲ್ವೋ?" ಎಂದು ಅಮಿತಾ ಒಂದು ಬೆಳಿಗ್ಗೆ ಕೇಳಿದಳು.

"ಕೊಡೂದು ದೊಡ್ಡ ವಿಷ್ಯ ಅಲ್ಲ. ಆ ಮೀಟರಿಂದ ಬರೂ ಕೇಬಲ್ ನೋಡು ಒಮ್ಮೆ. ಮುದಿ ಹಾವಿನ ಹಾಂಗೆ ಅದೆ. ಅದ್ನ ಇದ್ರೊಳಗೆ ಹೊಗ್ಸಿದ್ರೆ ಎಂತಾ ಕಾಣ್ತದೆ?"

"ಕರೆಂಟ್ ಬಂದ ಹಾಂಗೆ ಕಾಣ್ತದೆ," ಎಂದಳು ಅಮಿತಾ.

ಕಲೆಯ ಗಂಧವಿಲ್ಲದವರ ಜೊತೆ ವಾದಿಸಬಾರದೆಂದು ನಿತ್ಯಾನಂದ ಮತ್ತೆ ಸ್ಕೇಲು ಎತ್ತಿಕೊಂಡ. ತೊಡಕು ನಿಜಕ್ಕೂ ಅದೇ ಆಗಿತ್ತು. ಡಿಬಿ ಸಂಪೂರ್ಣ ಸಿದ್ಧ, ಆದರೆ ಮೀಟರಿನಿಂದ ಬರುವ ಹಳೆಯ ಕರಿ ಕೇಬಲ್ ಒಂದನ್ನು ಸೇರಿಸಿದರೆ ಅದರ ಅಂದವೆಲ್ಲ ಮಣ್ಣುಪಾಲು. ನುಣುಪಾದ ಹೊಸ ಕೇಬಲ್ಲಿಗೆ ಹುಬ್ಬಳ್ಳಿಗೆ ಹೇಳಿದ್ದ. ಅದು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎನ್ನುವಷ್ಟರಲ್ಲಿ ಅವನಿಗೆ ತಾಳ್ಮೆ ತಪ್ಪಿತು. ಒಂದು ಮಧ್ಯಾಹ್ನ ಗಾಜಿನ ಬಾಗಿಲು ಒರೆಸಿ, ಫೋಟೊ ತೆಗೆದು ಗ್ರೂಪಿಗೆ ಹಾಕಿಯೇಬಿಟ್ಟ.

ಮೆಚ್ಚುಗೆಯ ಹೆಬ್ಬೆರಳುಗಳು ಉದುರಿದವು. ಇರ್ಷಾದ್ ಭಾಯಿ ಮಾತ್ರ, ಇಂಥದ್ದನ್ನು ಫೋಟೊದಲ್ಲಿ ನೋಡಿ ತೀರ್ಪು ಕೊಡುವುದು ಪಾಪ, ಭಾನುವಾರ ಖುದ್ದು ಬರುತ್ತೇವೆ, ವಿನೋದನನ್ನೂ ಕರೆತರುತ್ತೇನೆ ಎಂದು ಬರೆದರು.

ಭಾನುವಾರ ಇಬ್ಬರೂ ಒಂದೇ ಬೈಕಿನಲ್ಲಿ ಬಂದಿಳಿದರು. ಅಷ್ಟರಲ್ಲಿ ನಿತ್ಯಾನಂದ ಮಾದಿ ಅಕ್ಕನ ವೈರನ್ನು ಕಿಟಕಿಯ ಪರದೆಯ ಹಿಂದೆ ಎಳೆದು, ಕಪಾಟಿನ ಮೇಲೆ ಹಾಯಿಸಿ, ಫ್ಯಾನಿನವರೆಗೆ ಕಾಣದ ಹಾಗೆ ಒಯ್ದಿದ್ದ. ಬಾಯಿ ಬಿಡಬಾರದೆಂದು ಅಮಿತಾಳಿಗೆ ಆಣೆಯನ್ನೂ ಹಾಕಿದ್ದ. ಅವಳು ಮಿಶನ್ನಿನ ಮುಂದೆ ಕೂತು, ಕೈಯಲ್ಲೇ ಗುಂಡಿ ಹಚ್ಚುತ್ತ, ಏನೂ ತಿಳಿಯದವಳಂತೆ ಬಂದವರಿಗೆ ನಮಸ್ಕಾರ ಮಾಡಿದಳು.

ಇರ್ಷಾದ್ ಭಾಯಿ ಡಿಬಿಯ ಮುಂದೆ ಚಪ್ಪಲಿ ಬಿಟ್ಟು ನಿಂತರು. ಕನ್ನಡಕ ಏರಿಸಿದರು. ಜೇಬಿನಿಂದ ಮಟ್ಟ ನೋಡುವ ಪುಟ್ಟ ರಸಮಟ್ಟ ತೆಗೆದು ಪೆಟ್ಟಿಗೆಯ ಮೇಲಿಟ್ಟರು, ಗುಳ್ಳೆ ಸರಿಯಾಗಿ ನಡುವೆ ಬಂದು ನಿಂತಿತು. ಅವರು ನಿಟ್ಟುಸಿರು ಬಿಟ್ಟು, ಗಲ್ಫಿನ ಶೇಖ್‌ಗಳ ಮನೆಗಳಲ್ಲೂ ತಾವು ಇಂಥದ್ದನ್ನು ಮಾಡಿಲ್ಲವೆಂದು ಒಪ್ಪಿಕೊಂಡರು. ವಿನೋದ ವೈರುಗಳ ಸಾಲಿನಲ್ಲಿ ಹುಳುಕು ಹುಡುಕಿ ಹುಡುಕಿ ಸೋತ. ನಿತ್ಯಾನಂದನಿಗೆ ತಾನು ನೆಲದಿಂದ ಒಂದು ಗೇಣು ಮೇಲೆದ್ದಂತಾಯಿತು. ಇದೇ ಘಳಿಗೆಯಲ್ಲಿ ಭೂಮಿ ತಿರುಗುವುದನ್ನು ನಿಲ್ಲಿಸಿದ್ದರೂ ಅವನದ್ದೇನೂ ತಕರಾರಿರಲಿಲ್ಲ.

ಭೂಮಿ ತಿರುಗಿತು. ಸೋತ ವಿನೋದ ಕೊನೆಯದಾಗಿ ಒಂದು ಬೆರಳು ಚಾಚಿದ.

"ಮೇನ್ ಸ್ವಿಚ್ಚಿನ ಸದ್ದು ಹೆಂಗೆ ಅದೆ ನೋಡ್ವ," ಎಂದು ಅದನ್ನು ಕೆಳಗೆ ಎಳೆದ.

ಟಕ್ ಎಂದಿತು. ಸದ್ದು ಸೊಗಸಾಗಿಯೇ ಇತ್ತು. ಮೇಲೆ ಫ್ಯಾನು ಗಿರಗಿರ ತಿರುಗುತ್ತಲೇ ಇತ್ತು.

ವಿನೋದ ಫ್ಯಾನು ನೋಡಿದ. ಇನ್ನೊಂದು ಸ್ವಿಚ್ಚು ಇಳಿಸಿದ. ಮತ್ತೊಂದು ಇಳಿಸಿದ. ಎಡದಿಂದ ಬಲಕ್ಕೆ ಇದ್ದಬದ್ದ ಸ್ವಿಚ್ಚುಗಳೆಲ್ಲ ತಲೆ ತಗ್ಗಿಸಿದರೂ ಟ್ಯೂಬ್ ಲೈಟು ಬೆಳಗುತ್ತಿತ್ತು, ಫ್ಯಾನಿನ ಉತ್ಸಾಹವಂತೂ ಇನ್ನೂ ಹೆಚ್ಚಿದಂತಿತ್ತು. ಇರ್ಷಾದ್ ಭಾಯಿ ರಸಮಟ್ಟವನ್ನು ನಿಧಾನವಾಗಿ ಜೇಬಿಗಿಳಿಸಿದರು.

"ಇನ್ವರ್ಟರ್," ಎಂದ ನಿತ್ಯಾನಂದ.

"ಎಲ್ಲದೆ?" ಎಂದ ವಿನೋದ.

ನಿತ್ಯಾನಂದ ಬಾಯಿ ತೆರೆಯುವಷ್ಟರಲ್ಲಿ ಪರದೆ ಸರಿಯಿತು. ಕಿಟಕಿಯಲ್ಲಿ ಮಾದಿ ಅಕ್ಕನ ಮುಖ ಮೂಡಿತು. ಅವಳು ಬಹಳ ಮರ್ಯಾದಸ್ಥೆ, ನೆಂಟರಿರುವ ಮನೆಯೊಳಗೆ ನುಗ್ಗುವವಳಲ್ಲ.

"ತಮಾ, ನಿನ್ನ ನೆಂಟ್ರು ನೋಡಿ ಆತಾ? ಪಂಪು ಹಾಕೂಕದೆ, ನನ್ನ ವೈರು ತೆಗಿತೆ."

ಅವಳು ವೈರು ತೆಗೆದಳು. ಲೈಟು ಹೋಯಿತು. ಫ್ಯಾನು ಸೋಮಾರಿಯಾಗಿ ಇನ್ನಷ್ಟು ಸುತ್ತು ಹಾಕಿ, ತನ್ನ ಪಾತ್ರ ಮುಗಿಯಿತೆಂಬಂತೆ ನಿಂತಿತು.

ವಿನೋದ ಗೋಡೆ ಹಿಡಿದು ಕೂತುಬಿಟ್ಟ. ಅವನ ನಗು ಮೊದಲು ಹೊಟ್ಟೆಯಲ್ಲೇ ಅಲುಗಾಡಿ, ಆಮೇಲೆ ಭುಜಕ್ಕೆ ಬಂದು, ಕೊನೆಗೆ ಕಣ್ಣೀರಾಗಿ ಹರಿಯಿತು. ಇರ್ಷಾದ್ ಭಾಯಿ ಹಿರಿಯರಾದ್ದರಿಂದ ಗೋಡೆಯ ಕಡೆ ತಿರುಗಿ ನಕ್ಕರು. ಅಮಿತಾ ಮಾತ್ರ ನಗಲಿಲ್ಲ. ಸೂಜಿಯನ್ನು ರವಿಕೆಗೆ ಚುಚ್ಚಿಟ್ಟು ಎದ್ದಳು.

"ವಿನೋದಣ್ಣ, ನಿಮ್ಗೆ ಈಗ ಪುರಸೊತ್ತು ಅದ್ಯಾ? ಇಲ್ಲೊಂದು ಮನೆಗೆ ಕರೆಂಟ್ ಕೊಡೂದಿತ್ತು."

"ಯಾರ ಮನೆ ಅಕ್ಕ?" ಎಂದ ವಿನೋದ ಕಣ್ಣೊರೆಸಿಕೊಳ್ಳುತ್ತ.

"ನೀವು ಕೂತ್ಕಂಡದ್ದೇ."

ವಿನೋದನ ನಗು ಅಲ್ಲಿಗೆ ನಿಂತಿತು. ಅವನಿಗೂ ಒಂದು ನಿಯತ್ತಿತ್ತು. ಇನ್ನೊಬ್ಬ ಇಲೆಕ್ಟ್ರಿಶಿಯನ್ ಕಟ್ಟಿದ ಬೋರ್ಡಿಗೆ, ಅದೂ ಅವನ ಸ್ವಂತ ಮನೆಯಲ್ಲಿ, ಅವನೆದುರೇ ಕೈ ಹಾಕುವುದು ಹೇಗೆಂದು ನಿತ್ಯಾನಂದನ ಮುಖ ನೋಡಿದ.

"ಅವ್ರ ಮುಖ ಎಂತಕೆ ನೋಡ್ತ್ರಿ? ಮನೆ ಅವ್ರದ್ದು. ಗಿರಾಕಿ ನಾನು," ಎಂದಳು ಅಮಿತಾ.

ಇರ್ಷಾದ್ ಭಾಯಿ ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು. ಕರೆದ ಗಿರಾಕಿಗೆ ಇಲ್ಲವೆನ್ನುವುದು ಬಳಗಕ್ಕೆ ಶೋಭೆಯಲ್ಲ.

ವಿನೋದ ಬೈಕಿನಿಂದ ಸಾಮಾನಿನ ಚೀಲ ತಂದ. ಮೀಟರಿನ ಫ್ಯೂಜು ಕಿತ್ತ. ಲೈಟಿಲ್ಲದೆ ಹಾಲಿನ ಮೂಲೆ ಕತ್ತಲಾಗಿತ್ತು. ಟಾರ್ಚು ಹಿಡಿಯಲು ಯಾರಾದರೂ ಬೇಕಿತ್ತು. ಎಲ್ಲರೂ ನಿತ್ಯಾನಂದನ ಕಡೆ ನೋಡಿದರು. ಬೇರೆ ಕೆಲಸವಿಲ್ಲದೆ ನಿಂತಿದ್ದವನು ಅವನೊಬ್ಬನೇ.

ಅವನು ಟಾರ್ಚು ಹಿಡಿದ. ಸ್ವಲ್ಪ ಮೇಲೆ ಎಂದರೆ ಮೇಲೆ, ಎಡಕ್ಕೆ ಎಂದರೆ ಎಡಕ್ಕೆ. ಅವನ ಕಣ್ಣೆದುರೇ ಮುದಿ ಹಾವಿನಂಥ ಕರಿ ಕೇಬಲ್ಲು ಗಾಜಿನ ಬಾಗಿಲೊಳಗೆ ತಲೆ ಹಾಕಿತು. ಅಮಿತಾಳ ಮಿಶನ್ನಿನ ಪ್ಲಗ್ಗಿಗೆಂದು ವಿನೋದ ಎಳೆದ ಕೆಂಪು ವೈರೊಂದು ನೀಲಿ ವೈರುಗಳ ಸಾಲನ್ನು ಯಾವ ಅಂಜಿಕೆಯೂ ಇಲ್ಲದೆ ಅಡ್ಡ ಹಾಯಿತು. ನಿತ್ಯಾನಂದ ಕಣ್ಣು ಮುಚ್ಚಿಕೊಂಡ. ಟಾರ್ಚು ಹಿಡಿದ ಕೈ ಮಾತ್ರ ಅಲುಗಲಿಲ್ಲ.

ಅಮಿತಾ ತಂದಿಟ್ಟ ಚಹಾ ಆರುವುದರೊಳಗೆ ಕೆಲಸ ಮುಗಿಯಿತು. ಅಮಿತಾ ಮಿಶನ್ನಿನ ಪೆಡಲು ಒತ್ತಿದಳು. ಮಿಶನ್ನು ಗುರ್ ಎಂದು ಓಡಿತು, ಫ್ಯಾನು ಜೋರಾಗಿ ತಿರುಗಿತು. ಪವಿತ್ರಾಳ ರವಿಕೆಯ ತೋಳೊಂದು ಕಣ್ಣು ಮಿಟುಕಿಸುವಷ್ಟರಲ್ಲಿ ಕೂಡಿಕೊಂಡಿತು. ಅಮಿತಾಳ ಮುಖ ಅಷ್ಟು ಅರಳಿದ್ದನ್ನು ನಿತ್ಯಾನಂದ ಈಚೆಗೆ ಕಂಡಿರಲಿಲ್ಲ. ಕಂಡು ಅವನಿಗೆ ಒಳಗೊಳಗೇ ಸಂತೋಷವೂ ಆಯಿತು. ಆದರೆ ಆ ಅಡ್ಡ ವೈರಿನ ನೆನಪಾಗಿ ಅದನ್ನು ತೋರಿಸಿಕೊಳ್ಳಲಿಲ್ಲ.

ಕೆಲಸ ನಡೆಯುವಾಗ ಇರ್ಷಾದ್ ಭಾಯಿ ಫೋಟೊ ತೆಗೆದಿದ್ದು ಅವನಿಗೆ ಗೊತ್ತಾಗಿರಲಿಲ್ಲ. ಅವರಿಬ್ಬರ ಬೈಕು ಗೇಟು ದಾಟುವಷ್ಟರಲ್ಲಿ ಅದು ಗ್ರೂಪಿನಲ್ಲಿತ್ತು. ಗಾಜಿನ ಬಾಗಿಲಿನ ಬೋರ್ಡು, ಮುಂದೆ ಸ್ಕ್ರೂಡ್ರೈವರ್ ಹಿಡಿದ ವಿನೋದ, ಪಕ್ಕದಿಂದ ಟಾರ್ಚು ಹಿಡಿದು ಚಾಚಿದ ಒಂದು ಕೈ. ಕೈಯಿಂದಾಚೆ ಮನುಷ್ಯ ಫೋಟೊದಲ್ಲಿ ಇರಲಿಲ್ಲ. 'ಕುಮಟೆಯಲ್ಲಿ ವಿನೋದನ ಕೆಲಸ. ದುಬೈ ಲೆವೆಲ್,' ಎಂದು ಕೆಳಗೆ ಬರೆದಿತ್ತು.

ಹೊಗಳಿಕೆಗಳ ನಡುವೆ ಮಂಕಿ ಊರಿನ ಹೊಸ ಸದಸ್ಯನೊಬ್ಬ ಬೇರೆಯದೇ ಮಾತು ಬರೆದಿದ್ದ. ಟಾರ್ಚು ಹಿಡಿದವನ ಕೈ ಎಷ್ಟು ಸ್ಥಿರ, ಇಂಥ ಹೆಲ್ಪರ್ ಸಿಗುವುದಿಲ್ಲ, ಯಾರದು, ನಂಬರ್ ಕೊಡಿ ಎಂದು ಕೇಳಿದ್ದ. ದಾರಿಯಲ್ಲಿ ಬೈಕಿನ ಹಿಂದೆ ಕೂತಿದ್ದ ಇರ್ಷಾದ್ ಭಾಯಿ ಯಾರಿಗೂ ಸಹಾಯ ಮಾಡದೆ ಇರುವವರಲ್ಲ. ಕೂಡಲೇ ನಂಬರ್ ಕಳಿಸಿದರು.

ಫೋನು ರಿಂಗಾಯಿತು. ಬೋರ್ಡಿನ ಮುಂದೆ ಕೂತು ಕೆಂಪು ವೈರನ್ನೇ ದಿಟ್ಟಿಸುತ್ತಿದ್ದ ನಿತ್ಯಾನಂದ ಏಳಲಿಲ್ಲ. ಅಮಿತಾಳೇ ಫೋನೆತ್ತಿ ಆಚೆಯವನ ಮಾತನ್ನು ಪೂರ್ತಿ ಕೇಳಿದಳು.

"ಹೌದು, ಅವ್ರದ್ದೇ ನಂಬರ್. ನಾಳೆಯಿಂದ್ಲೇ ಬರ್ತ್ರು," ಎಂದಳು. "ಕೈ ಒಂಚೂರೂ ಅಲ್ಗೂದಿಲ್ಲ, ಅದ್ಕೆ ನಾನು ಗ್ಯಾರಂಟಿ. ಆದ್ರೆ ವೈರ್ ಮಾತ್ರ ಮುಟ್ಟೂಕೆ ಕೊಡ್ಬೇಡಿ."