ಶಿಷ್ಯರಿಗೆ ಕೆಲಸ ಸಿಗದಿರಲಿ

ಬೆಳಗ್ಗೆ ಎದ್ದು ದೇವರಿಗೆ ಕೈಮುಗಿದು, “ನನ್ನ ಶಿಷ್ಯರಿಗೆ ಎಲ್ಲೂ ಕೆಲಸ ಸಿಗದಿರಲಿ” ಎಂದು ಬೇಡಿಕೊಂಡ ಮೇಷ್ಟ್ರು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ನನ್ನನ್ನು ದುಷ್ಟನೆಂದು ತೀರ್ಮಾನಿಸುವ ಮೊದಲು ಸ್ವಲ್ಪ ಕೇಳಿ. ಇದು ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲ. ಯೋಜನೆಯಿಲ್ಲದೆ ಆಕಳಿಸುವುದಕ್ಕೂ ಜನ ಹಿಂಜರಿಯುತ್ತಾರೆ. ಕೆಲಸವಿಲ್ಲದವರಿಗೆ ಭತ್ಯೆ ಕೊಟ್ಟು, ಕಸುಬು ಕಲಿಸಿ, ಅವರ ಕಾಲ ಮೇಲೆ ಅವರನ್ನು ನಿಲ್ಲಿಸಬೇಕೆಂದು ಸರ್ಕಾರಕ್ಕೆ ಮನಸ್ಸಾಯಿತು. ಸೊರಬದಲ್ಲಿ ಬೆತ್ತದ ಕುರ್ಚಿ ಹೆಣೆಯುವ ತರಬೇತಿ ಕೇಂದ್ರ ತೆರೆದು ನನ್ನನ್ನು ಮೇಷ್ಟ್ರನ್ನಾಗಿ ಕೂರಿಸಿದರು. ಕೂರಿಸಿದ್ದು ಚಾಪೆಯ ಮೇಲೆ. ಕುರ್ಚಿ ಇನ್ನೂ ಆಗಬೇಕಿತ್ತಲ್ಲ!

ಐವರು ನಿರುದ್ಯೋಗಿಗಳಿದ್ದರೆ ಕೇಂದ್ರ ಉಂಟು, ಒಬ್ಬ ಕಡಿಮೆಯಾದರೆ ಬಾಗಿಲು ಬಂದ್ ಎಂಬುದು ನಿಯಮ. ನನ್ನ ಬಳಿ ಇದ್ದದ್ದೇ ಐವರು. ಅಂದರೆ ಅವರಲ್ಲೊಬ್ಬ ಉದ್ಧಾರವಾದ ದಿನ ನಾನು ಬೀದಿಗೆ. ನಾಲ್ವರ ವಿಷಯದಲ್ಲಿ ನಿಶ್ಚಿಂತನಾಗಿದ್ದೆ. ಅವರು ಹೆಣೆದ ಕುರ್ಚಿಯೊಂದರಲ್ಲಿ ಉಳವಿಯಿಂದ ಬಂದ ಶಾನುಭೋಗರೊಬ್ಬರು ಕೂತು, ಒಳಕ್ಕಿಳಿದು, ಕುರ್ಚಿ ಸಮೇತ ಎದ್ದು ನಿಂತಿದ್ದರು. ಯೋಚನೆಯೆಲ್ಲ ಶಿರಾಳಕೊಪ್ಪದ ಕಡೆಯ ನಿಂಗಪ್ಪನದು. ಆ ಪುಣ್ಯಾತ್ಮನ ಕೈಯಲ್ಲಿ ಬೆತ್ತ ಹೇಳಿದ ಹಾಗೆ ಕೇಳುತ್ತಿತ್ತು.

“ಭೇಷ್ ನಿಂಗಪ್ಪ! ಬಿಚ್ಚು,” ಎನ್ನುತ್ತಿದ್ದೆ.

“ಯಾಕ್ರೀ ಮೇಷ್ಟ್ರೇ? ನಿನ್ನೇನೂ ಬಿಚ್ಚಿಸಿದ್ರಿ!”

“ಬಿಚ್ಚೋದೂ ಒಂದು ವಿದ್ಯೆನಪ್ಪಾ. ಅವಸರ ಮಾಡಬಾರದು.”

ಒಂದು ದಿನ ನಿಂಗಪ್ಪ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತ. “ಶಿರಾಳಕೊಪ್ಪದಾಗೆ ಕುರ್ಚಿ ಅಂಗಡಿ ಸಾಹುಕಾರ್ರು ಕರ್ದಾರ್ರೀ. ನಾ ಹೋದ್ರೆ ನಿಮ್ ಕೆಲ್ಸಕ್ಕೆ ಕುತ್ತು ಅಂತ ಗೊತ್ತೈತ್ರಿ. ಅದ್ಕೇ ಇಷ್ಟು ದಿನ ಬಾಯ್ಮುಚ್ಚಿ ಬಿಚ್ಚಿದೆ. ಈಗ ಬೆತ್ತನೇ ಸವೆದು ಹೋಗೈತೆ ನೋಡ್ರಿ!”

ಕಾಲಿಗೆ ಬಿದ್ದ. ಹಲ್ಲು ಕಚ್ಚಿಕೊಂಡು ಆಶೀರ್ವಾದ ಮಾಡಿದೆ. ಆ ವಾರವೇ ಕೇಂದ್ರಕ್ಕೆ ಬೀಗ ಬಿತ್ತು. ಮನೆಯಲ್ಲಿ ಸಾಂತ್ವನ ಸಿಕ್ಕೀತೆಂದು ಹೋದರೆ ನನ್ನವಳು, “ಅಷ್ಟು ಚೆನ್ನಾಗಿ ಕಲಿಸಿ ಅಂತ ನಿಮಗ್ಯಾರು ಹೇಳಿದ್ರು?” ಎಂದಳು. ನನ್ನ ಅಧ್ಯಾಪನಕ್ಕೆ ಸಂದ ಏಕೈಕ ಪ್ರಶಸ್ತಿ ಅದು.

ಈಗ ನಾನು ಶಿಕಾರಿಪುರದ ಸಾಬೂನು ತಯಾರಿಕೆ ಕೇಂದ್ರದಲ್ಲಿ ಭತ್ಯೆ ಪಡೆಯುವ ಐದನೆಯ ನಿರುದ್ಯೋಗಿ. ಮೊನ್ನೆ ನನ್ನ ಸಾಬೂನು ಹೇಗೋ ಗಟ್ಟಿಯಾಗಿ, ನೊರೆಯನ್ನೂ ಕೊಟ್ಟಿತು. ಅಲ್ಲಿಯ ಮೇಷ್ಟ್ರ ಮುಖ ಕಪ್ಪಿಟ್ಟಿತು. ಅತ್ತಿತ್ತ ತಿರುಗಿಸಿ ನೋಡಿ, “ಯಾಕೋ ಸಾಲ್ದು ಕಣ್ರೀ, ಮತ್ತೆ ಕರಗಿಸಿ,” ಎಂದರು.

ಯಾಕೆಂದು ನಾನು ಕೇಳಲಿಲ್ಲ. ಪಾಪ, ಅವರಿಗೆ ನಾಲ್ಕು ಮಕ್ಕಳು.