ಕಾಲು ಮುಂದಾಗಿ ಹುಟ್ಟಿದವರು ಬೇಕಾಗಿದ್ದಾರೆ

ಸೊಂಟ ಹಿಡಿಯುವುದು ಒಬ್ಬರಿಗೆ, ಮದ್ದು ಮಾತ್ರ ಊರಿಗೆಲ್ಲ ಗೊತ್ತಿರುತ್ತದೆ. ಅದರಲ್ಲೂ ಹೆಣ್ಣುಮಗಳೊಬ್ಬಳು ರಗ್ಬಿ ಆಡಿ ಬೆನ್ನು ನೋಯಿಸಿಕೊಂಡರಂತೂ ಕೇಳುವುದೇ ಬೇಡ. ಇನ್ನು ಆಡಬಹುದು ಎಂದು ಡಾಕ್ಟರು ಹೇಳಿದ ಮೇಲೂ ಮೈದಾನಕ್ಕೆ ವಾಪಸಾಗಲು ನಾನು ಪಟ್ಟ ಪಾಡು ಇದು.

ಯಾವ ಮರ?

ಶ್ರೀನಿವಾಸಪುರದಿಂದ ಕೋಲಾರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಪಕ್ಕದ ಸೀಟಿನ ಅಜ್ಜಿ ನನ್ನ ಸೊಂಟದ ಬೆಲ್ಟ್ ನೋಡಿ, "ಯಾವ ಮರದಿಂದ ಬಿದ್ದೆಯಮ್ಮ? ಬಾದಾಮಿನಾ, ಮಲ್ಗೋವಾನಾ?" ಅಂದರು. ನಮ್ಮೂರಲ್ಲಿ ಬೆನ್ನು ಹೋಗುವುದು ಮಾವಿನ ಮರದಿಂದ ಮಾತ್ರ.

"ಮರ ಅಲ್ಲಜ್ಜಿ, ರಗ್ಬಿ. ಚೆಂಡು ಹಿಡ್ಕೊಂಡು ಓಡೋ ಆಟ. ನಾಲ್ಕೈದು ಜನ ಮೇಲೆ ಬಿದ್ರು."

"ಯಾಕೆ ಬಿದ್ರು?"

"ಚೆಂಡಿಗೋಸ್ಕರ."

"ಕೊಟ್ಬಿಡೋದಲ್ವೇನಮ್ಮ? ಒಬ್ಳೇ ಇಟ್ಕೊಂಡು ಏನ್ಮಾಡ್ತೀಯ?"

ನಮ್ಮ ಕೋಚ್ ಬಹಳ ಕಾಲದಿಂದ ಬಾಯಿ ಬಡಿದುಕೊಳ್ಳುತ್ತಿದ್ದುದೂ ಇದನ್ನೇ.

ಆವನಿ ಊರಿಗೆ ಹೋದದ್ದು

ಅಮ್ಮನಿಗೆ ಡಾಕ್ಟರ ಮಾತು ಸಾಲಲಿಲ್ಲ. ಕಾಲು ಮುಂದಾಗಿ ಹುಟ್ಟಿದವರು ಮೂರು ಸಲ ತುಳಿದರೆ ಎಂಥ ಸೊಂಟವೂ ಸರಿಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. "ಅದಾಗೋವರ್ಗೂ ಯಾರೂ ನಿನ್ನ ಮೇಲೆ ಬೀಳಕೂಡದು" ಎಂದುಬಿಟ್ಟಳು. ಯಾರೂ ಮೇಲೆ ಬೀಳದ ರಗ್ಬಿ ಇನ್ನೂ ಹುಟ್ಟಿಲ್ಲ. ಮುಳಬಾಗಿಲಿನವರ ಜೊತೆಗಿನ ಪ್ರಾಕ್ಟೀಸ್ ಮ್ಯಾಚಿನಲ್ಲಿ ಸರಿಯಾಗಿ ಆಡದಿದ್ದರೆ ತಂಡದಲ್ಲಿ ಜಾಗವಿಲ್ಲ ಎಂದು ಕೋಚ್ ಬೇರೆ ಹೇಳಿದ್ದರು. ಆ ಜಾಗ ನೆನೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಕಾಲು ಮುಂದಾಗಿ ಹುಟ್ಟಿದವರೊಬ್ಬರು ಆವನಿಯಲ್ಲಿದ್ದಾರೆಂದು ತಿಳಿದು, ಎಲೆ ಅಡಿಕೆ ಬಾಳೆಹಣ್ಣು ಹಿಡಿದು ಹೋದೆವು. ಆಕೆ ಜಗುಲಿಯ ಮೇಲೆ ಬೋರಲು ಮಲಗಿದ್ದರು. ಹಿಪ್ಪುನೇರಳೆ ಸೊಪ್ಪಿನ ಹೊರೆ ಎತ್ತುವಾಗ ಸೊಂಟ ಹಿಡಿದುಕೊಂಡಿತ್ತಂತೆ.

"ಊರೋರ್ನೆಲ್ಲ ತುಳಿದೆ ಕಣಮ್ಮ, ನನ್ನ ತುಳಿಯೋಕೆ ಒಬ್ರೂ ಇಲ್ಲ" ಎಂದು ನರಳಿದರು. "ಯಾರಾದ್ರೂ ಸಿಕ್ಕಿದ್ರೆ ಈ ಕಡೆ ಕಳ್ಸಿ."

ಬಾಳೆಹಣ್ಣು ಕೊಟ್ಟು ಬಂದೆವು.

ಅಮ್ಮನ ಕಾವಲು

ನಮ್ಮ ತಂಡದ ಪ್ರಾಕ್ಟೀಸಿಗೆ ಅಮ್ಮನೂ ಜೊತೆಗೆ ಬಂದಳು. ಛತ್ರಿ ಬಿಚ್ಚಿಕೊಂಡು ಗೆರೆಯ ಪಕ್ಕ ಕೂತಳು.

ನನಗೆ ಚೆಂಡು ಸಿಕ್ಕಿತು. ಓಡಿದೆ. ಒಬ್ಬಳನ್ನು ದಾಟಿದೆ, ಇನ್ನೊಬ್ಬಳನ್ನು ದಾಟಿದೆ, ಯಾರ ಕೈಗೂ ಸಿಗದೆ ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದೆ. ಇಷ್ಟು ದಿನ ಮಲಗಿದ್ದವಳಿಗೆ ಹಿಂದಿಗಿಂತಲೂ ವೇಗ ಬಂದಿದೆಯಲ್ಲ ಎಂದು ಕಣ್ಣಲ್ಲಿ ನೀರೇ ಬಂತು. ತಿರುಗಿ ನೋಡಿದರೆ ಹುಡುಗಿಯರೆಲ್ಲ ನಿಂತಲ್ಲೇ ನಿಂತಿದ್ದರು. ಅಮ್ಮ ಛತ್ರಿ ಮಡಚಿ, ಎತ್ತಿ ಹಿಡಿದಿದ್ದಳು.

"ಈ ಆಟ ಪರ್ವಾಗಿಲ್ಲ ಕಣೇ. ಹಿಂಗೇ ಆಡು" ಅಂದಳು.

ಮುಳಬಾಗಿಲಿನವರು

ಮ್ಯಾಚಿಗೂ ಅಮ್ಮ ಬಂದಿದ್ದಳು, ಆದರೆ ಮುಳಬಾಗಿಲಿನವರಿಗೆ ಅವಳ ಛತ್ರಿಯ ಪರಿಚಯವಿರಲಿಲ್ಲ. ಚೆಂಡು ಬಂತು. ಬಸ್ಸಿನ ಅಜ್ಜಿ ನೆನಪಾದರು. ಆದರೂ ಕೊಡಲಿಲ್ಲ. ಇಬ್ಬರು ಬಂದು ಕೆಡವಿದರು, ಬೋರಲು ಬಿದ್ದೆ. ಹಿಂದೆ ಓಡಿಬರುತ್ತಿದ್ದ ಮೂರನೆಯವಳು ನಿಲ್ಲಲಾಗದೆ ನನ್ನ ಸೊಂಟದ ಮೇಲೆಯೇ ಕಾಲಿಟ್ಟು ಆಚೆ ಹಾರಿದಳು.

ನೋವೇನೂ ಆಗಲಿಲ್ಲ. ಆದರೆ ಅಮ್ಮ ಮೈದಾನದೊಳಗೆ ಬರುತ್ತಿದ್ದಳು. ಕೋಚ್ ವಿಷಲ್ ಊದಿದರು. ನನ್ನ ಜಾಗ ಹೋಯಿತು, ಇನ್ನು ಮನೆಯೇ ಗತಿ ಎಂದುಕೊಂಡು ಮಣ್ಣಿಗೆ ಮುಖವಿಟ್ಟೆ.

ಅಮ್ಮ ನನ್ನ ಕಡೆ ನೋಡಲಿಲ್ಲ. ನೇರ ಹೋಗಿ ಆ ಹುಡುಗಿಯ ರಟ್ಟೆ ಹಿಡಿದಳು. ಅವಳು ಆಗಲೇ ಅಳುವ ಹಾಗಿದ್ದಳು. "ಸಾರಿ ಆಂಟಿ, ಬೇಕೂಂತ ತುಳೀಲಿಲ್ಲ."

"ಅದಿರ್ಲಿ. ನೀನು ಹುಟ್ಟೋವಾಗ ತಲೆ ಮುಂದಾ, ಕಾಲು ಮುಂದಾ?"

ಹುಡುಗಿ ಕೋಚ್ ಮುಖ ನೋಡಿದಳು. ಕೋಚ್ ಆಕಾಶ ನೋಡಿದರು.

"ಕಾಲೇ ಮುಂದಂತೆ ಆಂಟಿ. ನಮ್ಮಮ್ಮ ಈಗ್ಲೂ ಬೈತಿರ್ತಾರೆ."

ನಾನು ಏಳಲು ಹೋದೆ. ಅಮ್ಮ ಛತ್ರಿಯ ತುದಿಯಿಂದ ನನ್ನನ್ನು ಅಲ್ಲೇ ಒತ್ತಿ ಹಿಡಿದಳು.

"ಏಳ್ಬೇಡ ಕಣೇ, ಹಂಗೇ ಬಿದ್ದಿರು. ಒಂದಾಯ್ತು" ಅಂದು ಆ ಹುಡುಗಿಯ ಕಡೆ ತಿರುಗಿದಳು. "ಬೂಟು ಬಿಚ್ಚಮ್ಮ, ಇನ್ನೆರಡು ಸಲ ತುಳಿದ್ಬಿಡು. ಆಮೇಲೆ ಎಲ್ರೂ ಸೇರ್ಕೊಂಡು ಇವಳ ಮೇಲೆ ಎಷ್ಟಾದ್ರೂ ಬೀಳಿ."