ಬರೀ ಬೂದು ಬಣ್ಣದ ಫ್ಲೆಕ್ಸು

ನೆಮ್ಮದಿಯಾಗಿ ಬಾಳಬೇಕೆಂದಿದ್ದರೆ ಹೆಂಡತಿಯ ತಮ್ಮ ಚಿತ್ರಕಲೆ ಓದಿರಬಾರದು. ಕೊಳ್ಳೇಗಾಲದ ನನ್ನ ಫ್ಲೆಕ್ಸ್ ಅಂಗಡಿಯಲ್ಲಿ ಆ ಮಧ್ಯಾಹ್ನ ಇದ್ದವರು ಮೂವರೇ: ಹುಟ್ಟುಹಬ್ಬದ ಮುಖಂಡರೊಬ್ಬರನ್ನು ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡುತ್ತಿದ್ದ ನಾನು, ಬುತ್ತಿ ತಂದಿದ್ದ ಹೆಂಡತಿ ರತ್ನ, ಮೈಸೂರಿನಲ್ಲಿ ಕಲೆ ಓದಿ ಯಳಂದೂರಿಗೆ ಮರಳಿದ್ದ ಅವಳ ತಮ್ಮ ಮಹೇಶ. ಅವನು ಪರದೆಯನ್ನೊಮ್ಮೆ ನೋಡಿ, "ನಿಮ್ದು ಡಿಸೈನು ಕಣ್ ಬಾವ, ಆರ್ಟಲ್ಲ. ಬಂದೋರು ಏಳ್ದಂಗೆ ಮಾಡ್ತೀರಿ. ಆರ್ಟು ಯಾರ ಮಾತೂ ಕೇಳಾಕಿಲ್ಲ" ಎಂದ. ಯಾರ ಮಾತೂ ಕೇಳದ್ದು ಕಲೆಯಾದರೆ ನಮ್ಮಜ್ಜಿ ಸಾಕಿದ್ದ ಹೋತವೇ ಮಹಾ ಕಲೆ ಎಂದುಕೊಂಡು ಸುಮ್ಮನಾಗಬಹುದಿತ್ತು. ಆಗಲಿಲ್ಲ. ಕೂತರೆ ನಿಲ್ಲಬೇಕು, ನಿಂತರೆ ಓಡಾಡಬೇಕು. ಹಾಗಾದರೆ ನಾನೂ ಯಾರೂ ಹೇಳಿಮಾಡಿಸದ, ಯಾರಿಗೂ ಏನೂ ಹೇಳದ, ಅರ್ಥವೇ ಇಲ್ಲದ್ದೊಂದನ್ನು ಮಾಡಿ ತೋರಿಸುತ್ತೇನೆಂದು ಹೊರಟೆ.

ಬಣ್ಣ ಆರಿಸುವಾಗಲೇ ತೊಡಕು. ಕೇಸರಿ, ಹಸಿರು, ನೀಲಿ, ಯಾವುದನ್ನು ಮುಟ್ಟಿದರೂ ಅದು ಯಾರಾದರೊಬ್ಬರದು. ಬಾಗಿಲಿಗೆ ಕಟ್ಟಿದರೆ ಸಂಜೆಯೊಳಗೆ ಇನ್ನೊಂದು ಪಾರ್ಟಿಯವರು ಕಾರಣ ಕೇಳಲು ಬರುತ್ತಾರೆ. ಕೊನೆಗೆ ಯಾರಿಗೂ ಬೇಡದ ಬೂದು ಸಿಕ್ಕಿತು. ಆಳುದ್ದಕ್ಕೆ ಬರೀ ಬೂದು. ಕೈ ಅಭ್ಯಾಸ ನೋಡಿ, ಕೆಳಮೂಲೆಯಲ್ಲಿ ನನ್ನ ಹೆಸರು, ಫೋನ್ ನಂಬರು ಮಾತ್ರ ತಾನಾಗಿ ಬಿದ್ದವು. ಅಚ್ಚು ಹಾಕಿ ಅಂಗಡಿಯ ಬಾಗಿಲಿಗೆ ಕಟ್ಟಿದೆ.

ನಮ್ಮ ಕಡೆ ನಗುವ ಮುಖಗಳಿಲ್ಲದ ಫ್ಲೆಕ್ಸೆಂದರೆ ಸಾವು, ಅದರಲ್ಲಿರುವ ಹೆಸರು ಸತ್ತವರದು. ದಾರಿಹೋಕರು ಚಪ್ಪಲಿ ಬಿಟ್ಟು ನಿಂತರು. ಸುದ್ದಿ ಮುಟ್ಟಿ ಹನೂರಿನ ಗೆಳೆಯ ಹಾರದೊಂದಿಗೇ ಬಸ್ಸಿಳಿದ. ಎದುರಿಗೆ ನಾನೇ ಕಂಡಾಗ ಕಕ್ಕಾಬಿಕ್ಕಿಯಾಗಿ, "ಅಂಗಾರೆ ಓಗಿದ್ದು ಯಾರ್ಲಾ?" ಎಂದ. ಯಾರೂ ಇಲ್ಲ, ಇದು ಕಲೆ ಎಂದೆ. ಹಾರ ತಂದದ್ದು ದಂಡವಾಯಿತೆಂದು ಮುನಿಸಿಕೊಂಡು ಹೋದ. ಬದುಕಿರುವವರ ಬಾಗಿಲಿಗೆ ಈ ಅಪಶಕುನ ಬೇಡ, ಮೊದಲು ಬಿಚ್ಚಿ ಎಂದು ರತ್ನ ಪಟ್ಟುಹಿಡಿದಳು.

ನಾನೂ ಮಹೇಶನೂ ಬಿಚ್ಚುತ್ತಿರುವಾಗ ಹೂಗ್ಯಂನ ಹೆಂಗಸೊಬ್ಬಳು ಬಂದಳು. ತಾಯಿ ತೀರಿಕೊಂಡಿದ್ದಳು, ತಿಥಿಗೆ ಫ್ಲೆಕ್ಸು ಬೇಕಿತ್ತು. ಫೋಟೊ ಕೊಡಮ್ಮ ಎಂದೆ.

"ಅವ್ವ ಯಾವತ್ತೂ ಫೋಟಕ್ಕೆ ನಿಂತೋಳಲ್ಲ ಕಣಣ್ಣ. ಅದ್ರಲ್ಲಿ ಯಾರೂ ಇಲ್ವಲ್ಲ, ಅದ್ನೇ ಕೊಡು. ನಮ್ಗೆ ಅವ್ಳು ಕಾಣ್ತಾಳೆ."

ಏನು ಬರೆಯಲಿ ಎಂದರೆ ಏನೂ ಬೇಡವೆಂದಳು. ಅರ್ಥ ಇರಬಾರದೆಂದು ನಾನು ಪಟ್ಟ ಪಾಡೆಲ್ಲ ಅಲ್ಲಿಗೆ ನೀರುಪಾಲಾಯಿತು. ಇದು ಡಿಸೈನೋ ಆರ್ಟೋ ಎಂಬಂತೆ ಮಹೇಶನ ಮುಖ ನೋಡಿದೆ. ಅವನು ಇನ್ನೊಂದು ತುದಿ ಹಿಡಿದು ಮಡಚತೊಡಗಿದ.

ಕರೆದಿದ್ದಳೆಂದು ತಿಥಿಗೆ ಹೋದೆ. ಜಗಲಿಯ ಗೋಡೆ ತುಂಬ ಬೂದು ಫ್ಲೆಕ್ಸು. ಬಂದವರೆಲ್ಲ ಅದರೆದುರು ಕೈಮುಗಿದು ಕಣ್ಣೊರೆಸಿಕೊಂಡರು. ನಾನು ಕತ್ತರಿಸಲು ಮರೆತಿದ್ದ ಕೆಳಮೂಲೆಯಲ್ಲಿ, ನನ್ನ ಹೆಸರಿಗೂ ಯಾರೋ ಭಕ್ತಿಯಿಂದ ಕುಂಕುಮವಿಟ್ಟು ಹೂವೇರಿಸಿದ್ದರು.